ಬಾಗುವ ಗುಂಡು

‘ಗುರುಗಳೇ, ನಾನು ಕಟ್ಟುತ್ತಿರುವ ಬಂದೂಕಿನ ಆಟದಲ್ಲಿ ಚೆನ್ನಾಗಿ ಆಡುವವರೇ ಗೆಲ್ಲುತ್ತಾರೆ. ಅದಕ್ಕೇ ಉಳಿದವರೆಲ್ಲ ಬಿಟ್ಟು ಹೋಗುತ್ತಿದ್ದಾರೆ. ಸೋಲುವವರಿಗೆ ಗೊತ್ತಾಗದ ಹಾಗೆ ಒಳಗಿಂದ ಒಂದಿಷ್ಟು ಸಹಾಯ ಮಾಡಿದರೆ ತಪ್ಪೇ?’

ಕೇಳಿದವನು ಇಂದುಧರ. ಫೋನಿನಲ್ಲಿ ಆಡುವ ಆಟಗಳನ್ನು ಕಟ್ಟಲು ಕಲಿಸುವ ಗುರುಗಳ ಬಳಿ ಕೆಲವು ವರ್ಷಗಳಿಂದ ಕಲಿಯುತ್ತಿದ್ದ. ಗುರುಗಳು ಸಿಡುಕಿನ ಮನುಷ್ಯ, ಆದರೂ ಇವನನ್ನು ಮಾತ್ರ ಎಲ್ಲರ ಮುಂದೆ ಜಾಣ ಎಂದು ಹೊಗಳುತ್ತಿದ್ದರು. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

‘ತಪ್ಪೋ ಸರಿಯೋ ಆಮೇಲೆ ನೋಡೋಣ. ಮೊದಲು ಕೂತುಕೋ. ನಡುವೆ ಬಾಯಿ ಹಾಕಬೇಡ’ ಎಂದು ಹೇಳತೊಡಗಿದರು.

ಒಬ್ಬ ಆಟ ಕಟ್ಟುವವನಿದ್ದ. ನಿನ್ನ ಹಾಗೆಯೇ ಮೆತ್ತನೆ ಮನಸ್ಸಿನವನು. ಅವನೂ ಬಂದೂಕಿನ ಆಟ ಕಟ್ಟಿದ. ಈ ಕಡೆ ಐದು ಜನ, ಆ ಕಡೆ ಐದು ಜನ. ಅವರವರ ಮನೆಯಲ್ಲಿ ಕೂತು ಫೋನು ಹಿಡಿದು ಆಡುವುದು. ಅದರಲ್ಲಿ ಅದೃಷ್ಟಕ್ಕೆ ಜಾಗವೇ ಇರಲಿಲ್ಲ. ಎಲ್ಲಿಗೆ ಗುರಿಯಿಟ್ಟರೆ ಗುಂಡು ಅಲ್ಲಿಗೇ ಹೋಗುತ್ತಿತ್ತು. ಕಲಿತವನು ಗೆದ್ದ, ಕಲಿಯದವನು ಸತ್ತ.

ದಿನಾ ಸಾಯುವುದಕ್ಕೆ ಯಾರು ಬರುತ್ತಾರಯ್ಯಾ? ಬಂದವರು ಬಂದ ಹಾಗೇ ಹೋದರು. ಕಂಪನಿಯ ಯಜಮಾನ ಕೂಗಾಡಿದ.

ಕಟ್ಟುವವನು ಮೊದಲು ಮರ್ಯಾದೆಯ ದಾರಿಯನ್ನೇ ಹಿಡಿದ. ಹೊಸಬರಿಗೆಂದು ಬೇರೊಂದು ಬಂದೂಕು ಮಾಡಿದ. ಅದರ ಗುಂಡು ಎದುರಾಳಿಯ ಕಡೆಗೆ ತಾನಾಗಿ ಚೂರು ಬಾಗುತ್ತಿತ್ತು. ಎಲ್ಲರಿಗೂ ತಿಳಿದಿರಲಿ ಎಂದು ಅದರ ನಳಿಗೆಗೆ ಹಳದಿ ಪಟ್ಟಿ ಬಳಿದ. ಹಳದಿ ಕಂಡದ್ದೇ ತಡ, ‘ಬಂತು ನೋಡ್ರೋ ಕೂಸಿನ ಹಾಲಿನ ಬಾಟಲಿ’ ಎಂದು ಆಡುವವರು ಅಣಕಿಸಿದರು. ಅದನ್ನು ಹಿಡಿದು ಸೋತರೂ ಅಣಕ, ಗೆದ್ದರೂ ಅಣಕ. ಆಮೇಲೆ ಅದನ್ನು ಒಬ್ಬರೂ ಮುಟ್ಟಲಿಲ್ಲ. ಬೇಕಾದರೆ ಸಾಯುತ್ತೇವೆ, ಹಳದಿ ಮಾತ್ರ ಬೇಡ ಎಂದರು. ನಮ್ಮ ಜನವೇ ಹಾಗೆ.

ಅವನು ಪಟ್ಟಿಯನ್ನು ಅಳಿಸಿದ. ಬಾಗುವುದನ್ನು ಉಳಿಸಿಕೊಂಡ. ಮೇಲಿಂದ ಮೇಲೆ ಸೋಲುವವರು ಯಾವ ಬಂದೂಕು ಹಿಡಿದರೂ ಗುಂಡು ಬಾಗುವ ಹಾಗೆ, ಮೇಲಿಂದ ಮೇಲೆ ಗೆಲ್ಲುವವರ ಗುಂಡಿನ ಪೆಟ್ಟು ತಗ್ಗುವ ಹಾಗೆ ಒಳಗೊಳಗೇ ಮಾಡಿಟ್ಟ. ಆಡುವವರಲ್ಲಿ ಯಾರಿಗೂ ಹೇಳಲಿಲ್ಲ. ಜನ ತಿರುಗಿ ಬಂದರು. ತಮ್ಮ ಕೈ ಪಳಗಿತು ಅಂದುಕೊಂಡರು, ಪಾಪ. ಯಜಮಾನ ಸಿಹಿ ಹಂಚಿದ.

ಆ ಆಟಕ್ಕೆ ಒಬ್ಬ ಸೊಸೆ ಬಂದಳು. ತುಂಬಿದ ಮನೆಯ ಸೊಸೆ. ಆ ಮನೆಯಲ್ಲಿ ಸಾರು ಚೆನ್ನಾಗಿದ್ದರೆ ಬೇಳೆ ಚೆನ್ನಾಗಿದೆ ಅನ್ನುತ್ತಿದ್ದರು. ಅವಳು ಕೂರಿಸಿ ಓದಿಸಿದ ಮಗಳು ತರಗತಿಗೇ ಮೊದಲಿಗಳಾದರೆ ಅಜ್ಜನ ತಲೆ ಬಂದಿದೆ ಅನ್ನುತ್ತಿದ್ದರು. ಹೊಡೆದರು, ಬೈದರು ಅಂತೇನೂ ಇಲ್ಲ. ಒಳ್ಳೆಯ ಜನವೇ. ಅವಳು ಮಾಡಿದ್ದು ಅವಳದು ಎಂಬ ಒಂದು ಮಾತು ಮಾತ್ರ ಯಾರ ಬಾಯಲ್ಲೂ ಬರಲಿಲ್ಲ.

ಮಧ್ಯಾಹ್ನ ಎಲ್ಲರೂ ಉಂಡು ಅಡ್ಡಾದಾಗ ಅವಳು ಅಡುಗೆಮನೆಯಲ್ಲಿ ಕೂತು ಆಡುತ್ತಿದ್ದಳು. ಮೊದಮೊದಲು ಸತ್ತಳು. ಆಗ ಅವಳ ಗುಂಡೂ ಬಾಗಿತು. ಅವಳಿಗೇನು ಗೊತ್ತು? ಅವಳು ಕಲಿಯುತ್ತಲೇ ಹೋದಳು. ಬಂದೂಕು ಸಿಡಿದಾಗ ಮೂತಿ ಎಡಕ್ಕೆ ಮೇಲಕ್ಕೆ ಏಳುತ್ತದೆ, ಹೆಬ್ಬೆರಳನ್ನು ಬಲಕ್ಕೆ ಕೆಳಗೆ ಎಳೆಯಬೇಕು ಎಂದು ಕಂಡುಕೊಂಡಳು. ಹೆಜ್ಜೆಯ ಸದ್ದಿನಲ್ಲೇ ವೈರಿ ಗೋಡೆಯ ಯಾವ ಪಕ್ಕದಲ್ಲಿದ್ದಾನೆ ಎಂದು ತಿಳಿಯತೊಡಗಿದಳು. ಗೆಲ್ಲತೊಡಗಿದಳು. ಗುಂಡು ಬಾಗುವುದು ನಿಂತಿತು. ಆಮೇಲೆ ಪೆಟ್ಟೂ ತಗ್ಗಿತು. ತನ್ನ ಗುರಿಯೇ ಸರಿಯಿಲ್ಲ ಎಂದುಕೊಂಡು ಅವಳು ಇನ್ನಷ್ಟು ತಿದ್ದಿಕೊಂಡಳು.

ಒಂದು ದಿನ ಪಂದ್ಯಾವಳಿಯ ಕೊನೆಯ ಸುತ್ತು. ಅವಳ ಕಡೆಯವರೆಲ್ಲ ಸತ್ತಿದ್ದರು. ಎದುರಿಗೆ ಮೂವರು. ಮೂವರನ್ನೂ ಅವಳೊಬ್ಬಳೇ ಕೆಡವಿದಳು. ಫೋನನ್ನು ಎದೆಗೆ ಒತ್ತಿಕೊಂಡು ‘ಇದು ನಾನು ಮಾಡಿದ್ದು’ ಎಂದು ಗಟ್ಟಿಯಾಗಿ ಹೇಳಿಕೊಂಡಳು. ಸಂಜೆ ಗಂಡನಿಗೆ ತೋರಿಸಿದಳು. ಅವನು ಹಿಗ್ಗಿ ಮನೆಮಂದಿಗೆಲ್ಲ ತೋರಿಸಿದ. ಅತ್ತೆ ಕೂಡ ‘ಭಲೇ ನಮ್ಮ ಹುಡುಗಿ’ ಎಂದಳು. ಆ ಕೆಲವು ದಿನ ಅವಳು ನಡೆಯುವ ರೀತಿಯೇ ಬೇರೆಯಾಗಿತ್ತು.

ಅಷ್ಟರಲ್ಲಿ ಕಂಪನಿ ಬಿಟ್ಟುಹೋದ ಒಬ್ಬ ಕೆಲಸಗಾರ ಗುಟ್ಟನ್ನು ಹೊರಗೆ ಹಾಕಿದ. ಆಟದ ಒಳಗೆ ಗುಂಡು ಬಾಗುತ್ತದಂತೆ ಎಂಬ ಸುದ್ದಿ ಎಲ್ಲ ಕಡೆ ಹಬ್ಬಿತು. ಊಟಕ್ಕೆ ಕೂತ ಗಂಡ ಅದನ್ನು ಓದಿ ನಕ್ಕುಬಿಟ್ಟ. ‘ಓಹೋ, ಅದಕ್ಕೇ ನೀನು ಗೆದ್ದದ್ದು!’ ಎಂದ. ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ. ಎಲ್ಲರೂ ನಕ್ಕರು. ಅವಳು ಬಡಿಸುತ್ತಾ ನಿಂತಿದ್ದಳು.

ಮಾರನೆಯ ದಿನ ಬಸ್ಸು ಹತ್ತಿ ಆಟ ಕಟ್ಟಿದವನನ್ನು ಹುಡುಕಿಕೊಂಡು ಹೋದಳು.

‘ನನಗೆ ಬೇರೇನೂ ಬೇಡ ಸ್ವಾಮಿ. ಆ ಕೊನೆಯ ಮೂರು ಗುಂಡು ನನ್ನವೋ, ನೀವು ಕೊಟ್ಟದ್ದೋ, ಅಷ್ಟು ಹೇಳಿಬಿಡಿ’ ಎಂದಳು.

ಅವನು ಕಂಪ್ಯೂಟರ್ ತೆರೆದು ಆ ದಿನದ ದಾಖಲೆ ನೋಡಿದ. ‘ನಿಮ್ಮವೇ ಅಮ್ಮಾ. ಒಂದೂ ಬಾಗಿಲ್ಲ. ನಿಮಗೆ ನಾನು ಅಡ್ಡಗಾಲೇ ಹಾಕಿದ್ದೆ, ಆದರೂ ಗೆದ್ದಿದ್ದೀರಿ’ ಎಂದ. ಅದು ನಿಜವಾಗಿತ್ತು.

ಅವಳ ಮುಖ ಅರಳಿತು. ಆದರೂ ಕೇಳಿದಳು. ‘ಹೀಗೆ ಕೇಳಿಕೊಂಡು ಬೇರೆಯವರೂ ಬಂದಿದ್ದರೇ?’

‘ಬೇಕಾದಷ್ಟು ಜನ.’

‘ಅವರಿಗೇನು ಹೇಳಿದಿರಿ?’

ಅವನು ತಲೆ ತಗ್ಗಿಸಿದ. ‘ಎಲ್ಲರಿಗೂ ನಿಮ್ಮದೇ ಅಂದೆ ಅಮ್ಮಾ. ಅಷ್ಟು ದೂರದಿಂದ ಬಂದವರ ಮನಸ್ಸು ನೋಯಿಸುವುದು ಹೇಗೆ?’

ಅವಳು ಎದ್ದಳು. ಅವನು ಬಾಗಿಲ ತನಕ ಹಿಂದೆ ಬಂದ. ನಿಮ್ಮದು ನಿಜ, ದೇವರಾಣೆ ನಿಜ ಎಂದ. ಆಣೆ ಇಟ್ಟಷ್ಟೂ ಅವಳು ಬೇಗ ಬೇಗ ನಡೆದಳು. ಬಸ್ಸಿನಲ್ಲಿ ಕೂತು ಆಟವನ್ನು ಫೋನಿನಿಂದ ತೆಗೆದುಹಾಕಿದಳು. ಆಮೇಲೆ ಅವಳು ಇನ್ಯಾವುದನ್ನೂ ಕಲಿಯಲು ಹೋಗಲಿಲ್ಲ.

ಗುರುಗಳು ನಿಲ್ಲಿಸಿದರು. ‘ಕೇಳಿದೆಯೇನಯ್ಯಾ? ಹಳದಿ ಪಟ್ಟಿ ಬಳಿದರೆ ಯಾರೂ ಮುಟ್ಟುವುದಿಲ್ಲ, ಅಳಿಸಿದರೆ ಹೀಗಾಗುತ್ತದೆ. ನನಗಂತೂ ದಾರಿ ಕಂಡಿಲ್ಲ’ ಎಂದರು.

ಇಂದುಧರ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡ.

‘ಗುಟ್ಟು ಹೊರಗೆ ಬಿದ್ದದ್ದೇ ತಪ್ಪಾಯಿತು ಗುರುಗಳೇ. ಬೀಳದೆ ಇದ್ದಿದ್ದರೆ ಅವಳೂ ಸುಖವಾಗಿರುತ್ತಿದ್ದಳು, ಉಳಿದವರೂ ಸುಖವಾಗಿರುತ್ತಿದ್ದರು. ನಾನು ಯಾರಿಗೂ ಸಿಗದ ಹಾಗೆ ಮುಚ್ಚಿಡುತ್ತೇನೆ. ಗೊತ್ತಾಗದ ಕರುಣೆಯಿಂದ ಯಾರಿಗೆ ಏನು ನಷ್ಟ?’

ಗುರುಗಳು ಕನ್ನಡಕ ಹಾಕಿಕೊಂಡು ಅವನ ಮುಖವನ್ನೇ ನೋಡಿದರು.

‘ಎಲ್ಲರ ಮುಂದೆ ನಿನ್ನನ್ನು ನನ್ನ ಶಿಷ್ಯರಲ್ಲೇ ಜಾಣ ಅನ್ನುತ್ತೇನಲ್ಲ, ಅದು ಯಾಕೆ ಅಂತ ತಿಳಿದಿದ್ದೀ?’