ಅಗುಳಿ ಹಾಕಿ ಅರೆದ ಬಿಳಿ

ಹೊಳೆಯ ದಂಡೆಯ ಮೇಲೆ ಹಂಪಯ್ಯ ಎಂಬ ಚಿತ್ರಗಾರರ ಆಶ್ರಮವಿತ್ತು.

ಹನ್ನೆರಡು ವರ್ಷಗಳಿಂದ ಅವರ ಬೆರಳ ಗಂಟುಗಳಲ್ಲಿ ವಾತ. ಬೆಳಗ್ಗೆ ಏಳುವಾಗ ನೀರಿನ ಚೊಂಬನ್ನೂ ಎತ್ತಲಾಗುತ್ತಿರಲಿಲ್ಲ. ಹೊತ್ತು ಮಾರುದ್ದ ಏರುವಷ್ಟರಲ್ಲಿ ಅದೇ ಬೆರಳುಗಳು ಕೂದಲೆಳೆಯಂಥ ಗೆರೆ ಎಳೆಯುತ್ತಿದ್ದವು.

ಶಿಷ್ಯ ಮಾಳಿಂಗನಿಗೆ ಇದರಲ್ಲಿ ಏನೋ ಮರ್ಮ ಇದೆ ಎನಿಸುತ್ತಿತ್ತು.

ಗುರುವಿಗೆ ಬಣ್ಣ ಅರೆದುಕೊಡುವುದು ಶಿಷ್ಯನ ಕೆಲಸ. ಕೆಂಪು, ಹಳದಿ, ನೀಲಿಯನ್ನು ಮಾಳಿಂಗನೇ ಅರೆಯುತ್ತಿದ್ದ. ಬಿಳಿಯನ್ನು ಮಾತ್ರ ಗುರುಗಳು ಬಿಟ್ಟುಕೊಡುತ್ತಿರಲಿಲ್ಲ. ದಿನಾ ಬೆಳಗ್ಗೆ ಒಳಕೋಣೆಯ ಅಗುಳಿ ಹಾಕಿಕೊಂಡು ತಾವೇ ಅರೆಯುತ್ತಿದ್ದರು.

ಮಾಳಿಂಗ ಬಾಗಿಲಿಗೆ ಕಿವಿ ಕೊಟ್ಟ. ಕಲ್ಲು ಉಜ್ಜುವ ಸದ್ದು. ಏನೋ ದೊಪ್ಪನೆ ಬಿದ್ದದ್ದು. ಬಹಳ ಹೊತ್ತು ಮೌನ. ಮತ್ತೆ ಕಲ್ಲಿನ ಸದ್ದು.

ಅರೆಯುತ್ತಿರುವುದು ಬಣ್ಣವಲ್ಲ, ಮದ್ದು ಎಂದುಕೊಂಡ.

"ಬಿಳಿಯನ್ನೂ ನಾನೇ ಅರೆಯಲೇ, ಗುರುಗಳೇ?"

"ಬೇಡ."

"ಏಕೆ?"

"ಅದು ನನ್ನದು."

ಮೊದಲಾಗಿದ್ದರೆ ಮಾಳಿಂಗ ಸುಮ್ಮನಾಗುತ್ತಿದ್ದ. ಆದರೆ ಯುಗಾದಿಯಿಂದ ಅವನ ಬೆರಳುಗಳೂ ಊದತೊಡಗಿದ್ದವು. ಯಾರಿಗೂ ಹೇಳಿರಲಿಲ್ಲ. ಕುಂಚ ಬಿಟ್ಟರೆ ಅವನಿಗೆ ಬೇರೆ ವಿದ್ಯೆ ಗೊತ್ತಿರಲಿಲ್ಲ.

ಒಂದು ಬೆಳಗ್ಗೆ ಗುರುಗಳು ಅರೆದು ಮುಗಿಸಿ ಹೊಳೆಗೆ ಇಳಿದರು. ಮಾಳಿಂಗ ಒಳಗೆ ನುಗ್ಗಿದ. ಗೋಡೆಯ ಗೂಡಿನಲ್ಲಿ ಹುಡುಕಿದ, ಚಾಪೆ ಎತ್ತಿ ನೋಡಿದ. ಏನೂ ಇರಲಿಲ್ಲ. ಅರೆಯುವ ಕಲ್ಲಿನ ಮೇಲೆ ಒದ್ದೆ ಬಿಳಿ ಇತ್ತು. ಬೆರಳಲ್ಲಿ ತೆಗೆದು ನೆಕ್ಕಿದ.

"ರುಚಿ ಹೇಗಿದೆ?"

ಗುರುಗಳು ಬಾಗಿಲಲ್ಲಿ ನಿಂತಿದ್ದರು.

ಮಾಳಿಂಗ ತುಟಿ ಒರೆಸಿಕೊಂಡ. ಬಿಳಿ ಗಲ್ಲಕ್ಕೂ ಹತ್ತಿತು.

"ಇದರಲ್ಲಿ ಏನು ಬೆರೆಸುತ್ತೀರಿ?"

"ಶಂಖದ ಪುಡಿ, ಬೇವಿನ ಅಂಟು, ನೀರು."

"ಮತ್ತೆ?"

"ಇವತ್ತು ನಿನ್ನ ಎಂಜಲು."

"ಅಷ್ಟೇ ಆದರೆ ಅಗುಳಿ ಏಕೆ, ಗುರುಗಳೇ?"

"ದಿನಾ ಮೊದಮೊದಲು ಅರೆಯುವ ಗುಂಡುಕಲ್ಲು ಏಳೆಂಟು ಸಲ ಕೈಜಾರುತ್ತದೆ. ನೀನಿದ್ದರೆ ಎತ್ತಿಕೊಡುತ್ತೀಯೆ."

"ಕೊಟ್ಟರೆ ತಪ್ಪೇನು?"

"ಇವತ್ತು ಕಲ್ಲು ಎತ್ತಿಕೊಡುತ್ತೀಯೆ. ನಾಳೆ ನನ್ನ ಗೆರೆಯನ್ನೂ ನೀನೇ ಎಳೆಯುತ್ತೀಯೆ."

ಮಾಳಿಂಗ ಗಲ್ಲದ ಬಿಳಿ ಒರೆಸಿಕೊಂಡ.

"ಯುಗಾದಿಯಿಂದ ನೀನು ಅರೆದ ಕೆಂಪು ತರಿತರಿಯಾಗಿದೆ," ಎಂದರು ಗುರುಗಳು. "ಎಷ್ಟು ಬೆರಳು ಊದಿವೆ?"

ಮಾಳಿಂಗ ಕೈಯನ್ನು ಬೆನ್ನ ಹಿಂದೆ ಸರಿಸಿದ. ಆಮೇಲೆ ಮುಂದೆ ಚಾಚಿದ.

"ಮೂರು."

ಗುರುಗಳು ಆ ಕೈಯನ್ನು ಮುಟ್ಟಲಿಲ್ಲ. ಕಲ್ಲು ತೊಳೆದರು. ಹೊಸದಾಗಿ ಶಂಖದ ಪುಡಿ ಹಾಕಿದರು. ಗುಂಡುಕಲ್ಲನ್ನು ಎರಡೂ ಕೈಯಲ್ಲಿ ಹಿಡಿದು ಅವನ ಮುಂದಿಟ್ಟರು. ಹೊಸ್ತಿಲು ದಾಟಿದರು.

"ಒಳಗಿನಿಂದ ಅಗುಳಿ ಹಾಕಿಕೋ."

"ಗುರುಗಳೇ, ಅರೆದರೆ ನೋವು ಹೋಗುತ್ತದೆಯೇ?"

"ಇಲ್ಲ. ಬಿಳಿ ನುಣ್ಣಗಾಗುತ್ತದೆ."