ಮೂರನೆಯ ತಿಂಗಳ ಬಳೆ

ಈ ಕತೆಯನ್ನು ನನಗೆ ಮೊದಲು ಹೇಳಿದವರು ನನ್ನ ಸೋದರಮಾವ ಈರಬಸಪ್ಪನವರು. ಅವರು ಇದನ್ನು ಗುರು ನಿರ್ವಾಣಯ್ಯನವರ ಬಾಯಿಂದಲೇ ಕೇಳಿದ್ದರು. ಅವರು ಹೇಳಿದ ಹಾಗೆ ಬರೆಯುತ್ತಿದ್ದೇನೆ. ನನ್ನದೆಂದು ಇದರಲ್ಲಿ ಹೆಚ್ಚೇನೂ ಇಲ್ಲ.

ಒಂದು ಸೋಮವಾರ ಪೂಜೆ ಮುಗಿದಿತ್ತು. ಪ್ರಸಾದ ತೆಗೆದುಕೊಂಡವರು ಎದ್ದು ಹೋಗಿದ್ದರು. ಕೊಟ್ರೇಶನೆಂಬ ಶಿಷ್ಯ ಮಾತ್ರ ಉಳಿದ. ಅವನು ಶಾಲೆಯಲ್ಲಿ ಮೇಷ್ಟ್ರು, ಮೃದು ಮನಸ್ಸಿನವನು. ಅವನು ಗುರುಗಳನ್ನು ಕೇಳಿದ:

"ಗುರುಗಳೇ, ಬಸಿರು ತೆಗೆಸುವುದಕ್ಕೆ ಇಷ್ಟು ದಿನದೊಳಗೆ ಎಂದು ಕಾನೂನು ಗಡುವು ಇಟ್ಟಿದೆ. ಆ ಗಡುವು ದೊಡ್ಡದಾಯಿತು, ತಗ್ಗಿಸಬೇಕು ಎಂದು ನನ್ನ ಗೆಳೆಯರು ಸರಕಾರವನ್ನು ಕೇಳಲು ಹೊರಟಿದ್ದಾರೆ. ನನ್ನನ್ನೂ ಕರೆದಿದ್ದಾರೆ. ಹೋಗಲೇ, ಬೇಡವೇ?"

"ನಿನ್ನ ಮನಸ್ಸು ಏನನ್ನುತ್ತದೆ?" ಎಂದರು ಗುರುಗಳು.

"ಅಷ್ಟು ಬೆಳೆದ ಕೂಸು ಎಂದು ನೆನೆದರೆ ಅನ್ನ ಇಳಿಯುವುದಿಲ್ಲ. ಬೇಡ ಅನ್ನುವವರು ಮೊದಲೇ ಬೇಡ ಅನ್ನಬಹುದಲ್ಲ? ಅಷ್ಟು ದಿನ ಏಕೆ ಬಿಡಬೇಕು?"

"ನಿನ್ನ ಸಂಕಟ ಸುಳ್ಳಲ್ಲ. ಅದನ್ನು ಬಿಟ್ಟುಬಿಡು ಎಂದು ನಾನು ಹೇಳುವುದಿಲ್ಲ. ಇಟ್ಟುಕೊಂಡೇ ಕೇಳು" ಎಂದು ಗುರುಗಳು ಕತೆ ತೆಗೆದರು.

ಒಂದು ಊರಿನಲ್ಲಿ ಒಬ್ಬ ಗೌಡನಿದ್ದ. ಊರಿಗೆ ಅವನ ಮಾತೇ ಕಟ್ಟಳೆ. ಆದರೆ ಗಡುಸು ಮನುಷ್ಯನಲ್ಲ. ದಾರಿಯಲ್ಲಿ ಕೂಸು ಅತ್ತರೆ ಗಾಡಿ ನಿಲ್ಲಿಸಿ ಇಳಿಯುತ್ತಿದ್ದ.

ಆ ಊರಿನಲ್ಲಿ ಒಂದು ರೂಢಿಯಿತ್ತು. ಬಸಿರು ಹೆಣ್ಣಿಗೆ ಐದು ತಿಂಗಳು ತುಂಬಿದಾಗ ಹೆಂಗಸರೆಲ್ಲ ಸೇರಿ ಹಸಿರು ಬಳೆ ತೊಡಿಸುತ್ತಿದ್ದರು. ಬಳೆ ತೊಟ್ಟ ಮೇಲೆ ಆ ಬಸಿರು ಊರಿನದು. ಸೂಲಗಿತ್ತಿ ಹೆರಿಗೆಗೆ ಕೈ ನೀಡಬಹುದು, ತೆಗೆಯುವುದಕ್ಕೆ ಕೈ ನೀಡುವಂತಿಲ್ಲ. ಬಳೆಗೆ ಮುಂಚೆ ಏನೇ ನಡೆದರೂ ಅದು ಆ ಹೆಣ್ಣಿಗೂ ಸೂಲಗಿತ್ತಿಗೂ ಬಿಟ್ಟ ಮಾತು. ಗಂಡಸರು ಕೇಳುತ್ತಿರಲಿಲ್ಲ. ಹೆಂಗಸರು ಹೇಳುತ್ತಿರಲಿಲ್ಲ.

ಒಂದು ವರ್ಷ ಗೌಡನ ಸೊಸೆ ಬಸಿರಾದಳು. ಐದು ತುಂಬುವುದಕ್ಕೆ ಇನ್ನೇನು ಕೆಲವು ದಿನ ಇದ್ದಾಗ ಸೂಲಗಿತ್ತಿ ಮನೆಗೆ ಬಂದಳು. ಬಾಗಿಲು ಮುಚ್ಚಿತು. ಆಮೇಲೆ ಗೌಡನ ಹೆಂಡತಿ ಒಂದು ಪುಟ್ಟ ಬಟ್ಟೆಯ ಗಂಟನ್ನು ತಂದು ಅವನ ಕೈಗಿತ್ತಳು. ಮಗ ಊರಲ್ಲಿರಲಿಲ್ಲ. ಗೌಡ ತಾನೇ ಹೊತ್ತುಕೊಂಡು ಹೊಲದ ಬದುವಿಗೆ ನಡೆದ. ಮಣ್ಣಿಗಿಡುವಾಗ ಬಟ್ಟೆ ಸರಿಯಿತು. ಒಂದು ಕೈ ಕಂಡಿತು. ಆ ಕೈಗೆ ಬೆರಳುಗಳಿದ್ದವು.

ಗೌಡ ಆ ಬೆರಳುಗಳನ್ನು ಮರೆಯಲಿಲ್ಲ. ಉಣ್ಣಲು ಕೂತರೆ ಅವೇ ಕಾಣುತ್ತಿದ್ದವು. ಏಕೆ ತೆಗೆದರು ಎಂದು ಅವನಿಗೆ ತಿಳಿಯಲಿಲ್ಲ. ಆ ಊರಿನಲ್ಲಿ ಮಾವ ಸೊಸೆಯೊಡನೆ ಎದುರು ನಿಂತು ಮಾತಾಡುವ ಪದ್ಧತಿ ಇರಲಿಲ್ಲ. ಹೆಂಡತಿಯನ್ನು ಕೇಳಿದರೆ ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಹೋಗುತ್ತಿದ್ದಳು. ಕಡೆಗೆ ಅವನು ತಾನೇ ಒಂದು ಉತ್ತರ ಮಾಡಿಕೊಂಡ. ತೆಗೆಯುವುದೇ ಆಗಿದ್ದರೆ ಮೊದಲೇ ತೆಗೆಯಬಹುದಿತ್ತು. ಬೆರಳು ಮೂಡುವವರೆಗೆ ಬಿಟ್ಟದ್ದು ಉದಾಸೀನ. ದಿನ ಬಹಳ ಇದ್ದದ್ದರಿಂದ ಉದಾಸೀನ ಬಂತು. ದಿನ ಕಡಿಮೆ ಮಾಡಿದರೆ ಉದಾಸೀನವೂ ಹೋಗುತ್ತದೆ.

ಅವನು ಊರನ್ನು ಸೇರಿಸಿದ. "ಇನ್ನು ಮೇಲೆ ಐದರ ಬಳೆ ಬೇಡ. ಮೂರು ತುಂಬಿದಾಗಲೇ ತೊಡಿಸಿ" ಎಂದ.

ಯಾರೂ ಎದುರಾಡಲಿಲ್ಲ. ಬಳೆ ಮಂಗಳದ ವಸ್ತು. ಬೇಗ ತೊಡಿಸಿದರೆ ಮಂಗಳ ಬೇಗ ಬಂದಂತೆ ಎಂದು ಹೆಂಗಸರೇ ಹೇಳಿಕೊಂಡರು.

ಒಂದು ವರ್ಷ ಕಳೆಯಿತು. ಗೌಡ ಒಂದು ಸಂಗತಿ ಗಮನಿಸಿದ. ಮೊದಲು ಸೂಲಗಿತ್ತಿಯ ಬಾಗಿಲಿಗೆ ಅಪರೂಪಕ್ಕೆ ಒಬ್ಬಳು ಹೋಗುತ್ತಿದ್ದಳು. ಈಗ ಹೋಗುವವರು ಹೆಚ್ಚಾಗಿದ್ದರು. ಎರಡು ತಿಂಗಳು ಕಳೆಯುವುದೇ ತಡ, ತಲೆ ತಗ್ಗಿಸಿಕೊಂಡು ಹೋಗುತ್ತಿದ್ದರು. ಗೌಡನಿಗೆ ಇದು ಅರ್ಥವಾಗಲಿಲ್ಲ. ಗಡುವನ್ನು ಇನ್ನೂ ಹಿಂದಕ್ಕೆ ತರಬೇಕೇನೋ ಎಂದುಕೊಂಡ.

ಅದೇ ಊರಿನಲ್ಲಿ ಒಬ್ಬ ನೇಕಾರನ ಹೆಂಡತಿ ಬಸಿರಾಗಿದ್ದಳು. ಅದು ಅವಳಿಗೆ ಎರಡನೆಯದು. ಮೊದಲ ಹೆರಿಗೆಯಲ್ಲಿ ಅವಳ ಮುಖ, ಕಾಲು ಬಾತು, ಮೈ ಸೆಟೆದು, ಪ್ರಜ್ಞೆ ತಪ್ಪಿತ್ತು. ಉಳಿದದ್ದೇ ದೇವರ ದಯೆ. ಆ ಹೆಣ್ಣುಮಗು ಈಗ ತಾಯಿಯ ಸೆರಗು ಹಿಡಿದು ನಡೆಯುವಷ್ಟಾಗಿತ್ತು.

ಸೂಲಗಿತ್ತಿ ಅವಳಿಗೆ ಹೇಳಿದ್ದಳು: "ಐದರ ಹೊತ್ತಿಗೆ ನಿನ್ನ ಮುಖ ನೋಡಿದರೆ ಗೊತ್ತಾಗುತ್ತದೆ. ಬಾವು ಬಾರದಿದ್ದರೆ ಹೆರುತ್ತೀಯೆ. ಬಂದರೆ ಈ ಸಲ ನೀನು ಉಳಿಯುವುದಿಲ್ಲ, ಆಗಲೇ ತೆಗೆಯಬೇಕು. ಈಗ ಕೇಳಿದರೆ ನಾನೇನು ಹೇಳಲಿ? ನನಗೂ ಕಾಣುವುದಿಲ್ಲ."

ಮೂರು ತುಂಬಿತು. ಬಳೆಗಾರ ಬಂದ. ಹೆಂಗಸರು ನೇಕಾರನ ಮನೆಯಲ್ಲಿ ಸೇರಿದರು. ಅವಳನ್ನು ಮಣೆಯ ಮೇಲೆ ಕೂರಿಸಿ ಉಡಿ ತುಂಬಿದರು. ಬಳೆಗಾರ ಹಸಿರು ಬಳೆ ತೆಗೆದು ಅವಳ ಕೈ ಹಿಡಿದ. ಅವಳು ಮುಷ್ಟಿ ಬಿಗಿದಳು.

"ಕೈ ಸಡಿಲ ಬಿಡು ತಾಯಿ" ಎಂದ ಬಳೆಗಾರ.

ಅವಳು ಬಿಡಲಿಲ್ಲ.

"ಈ ಸೀಮೆಯಲ್ಲಿ ನನ್ನ ಬಳೆ ಏರದ ಕೈಯಿಲ್ಲ ತಾಯಿ. ಹಾರೆ ಹಿಡಿದ ಕೈಗೂ ಏರಿಸಿದ್ದೇನೆ, ನಿನ್ನದು ಹೂವಿನಂಥ ಕೈ. ಮುಷ್ಟಿ ಬಿಡು, ನೋಯಿಸುವುದಿಲ್ಲ."

ಹೆಂಗಸರು ನಕ್ಕರು. ಆಮೇಲೆ ನಗು ನಿಂತಿತು. ಅವಳ ಮುಷ್ಟಿ ಬಿಗಿದೇ ಇತ್ತು.

ಒಬ್ಬ ಮುದುಕಿ ಅಂದಳು: "ನಮ್ಮ ಕಾಲದಲ್ಲಿ ಬಳೆ ಅಂದರೆ ಎರಡೂ ಕೈ ಚಾಚುತ್ತಿದ್ದೆವು. ಇವಳದು ಏನು ವೈಯಾರ! ಬೇಡವಾದರೆ ಬೇಡ ಅನ್ನಲಿ. ಸೂಲಗಿತ್ತಿಯ ಮನೆ ಎದುರಿಗೇ ಇದೆ, ಹೋಗಲಿ."

"ಅಲ್ಲಿಗೂ ಹೋಗುವುದಿಲ್ಲ ಅಜ್ಜಿ" ಎಂದಳು ಅವಳು.

"ಬಳೆಯೂ ಬೇಡ, ಅದೂ ಬೇಡ. ಮತ್ತೇನು, ಮಣೆಯ ಮೇಲೇ ಹೆರುತ್ತೀಯಾ?"

ಸುದ್ದಿ ಗೌಡನಿಗೆ ಮುಟ್ಟಿತು. ಅವನು ಬಂದು ಬಾಗಿಲಲ್ಲಿ ನಿಂತ. ಹೆಂಗಸರು ಸೆರಗು ಹೊದ್ದು ಸರಿದರು. ನೇಕಾರನ ಹೆಂಡತಿ ಮಣೆಯಿಂದ ಏಳಲಿಲ್ಲ. ತಲೆ ಮಾತ್ರ ತಗ್ಗಿಸಿದಳು.

"ಇದೇನು ತಂಗಿ? ನಿನಗೆ ಕೂಸು ಬೇಡವೇ?" ಎಂದ ಗೌಡ.

"ಬೇಕು, ಗೌಡರೇ."

"ಹಾಗಾದರೆ ಬಳೆ ತೊಡು."

"ತೊಟ್ಟ ಮೇಲೆ ಬಾವು ಬಂದರೆ ಸೂಲಗಿತ್ತಿ ನನ್ನನ್ನು ಮುಟ್ಟುವುದಿಲ್ಲ. ಇವಳು ತಬ್ಬಲಿಯಾಗುತ್ತಾಳೆ." ಅವಳು ಪಕ್ಕದಲ್ಲಿ ಕೂತ ಮಗಳನ್ನು ತೋರಿಸಿದಳು. "ಇವತ್ತೇ ಸೂಲಗಿತ್ತಿಯ ಮನೆಗೆ ಹೋದರೆ, ಬಾವು ಬಾರದೆ ಉಳಿಯಬಹುದಾಗಿದ್ದ ಕೂಸನ್ನು ನಾನೇ ಕಳೆದುಕೊಂಡ ಹಾಗಾಗುತ್ತದೆ. ಎರಡಕ್ಕೂ ನನ್ನ ಕೈ ಬಿಚ್ಚುವುದಿಲ್ಲ."

"ಮತ್ತೆ ನಿನಗೇನು ಬೇಕು?"

"ಹಳೆಯ ದಿನ ಕೊಡಿ. ಐದರವರೆಗೆ ಕಾಯುತ್ತೇನೆ."

ಗೌಡನಿಗೆ ಬದುವಿನ ಮಣ್ಣು ನೆನಪಾಯಿತು. ದನಿ ಒರಟಾಯಿತು. "ಐದರಲ್ಲಿ ಬೆರಳು ಮೂಡಿರುತ್ತವೆ ತಂಗಿ. ನಾನು ಕಂಡಿದ್ದೇನೆ. ನೀನು ಕಂಡಿಲ್ಲ."

ಅವಳು ಆಗ ತಲೆಯೆತ್ತಿದಳು. "ನೀವು ಬೆರಳು ಕಂಡಿರಿ, ಗೌಡರೇ. ಆ ಕೂಸಿನ ತಾಯಿ ನಿಮ್ಮ ಮನೆಯಲ್ಲೇ ಇದ್ದಾಳೆ. ಅಷ್ಟು ದಿನ ಏಕೆ ಬಿಟ್ಟೆ ಎಂದು ಅವಳನ್ನು ಕೇಳಿದ್ದೀರಾ?"

ಗೌಡ ಸಿಟ್ಟಾಗಲಿಲ್ಲ. "ಬಳೆಗಾರ, ನಾನು ಬರುವವರೆಗೆ ಇರಪ್ಪ" ಎಂದು ಹೇಳಿ ಮನೆಯ ಕಡೆ ನಡೆದ.

ಮನೆಯಲ್ಲಿ ಸೊಸೆ ಒಳಗೆ ಅಕ್ಕಿ ಕೇರುತ್ತಿದ್ದಳು. ಗೌಡ ಬಾಗಿಲ ಈಚೆ ನಿಂತ. ಒಳಗೆ ಕಾಲಿಡಲಿಲ್ಲ.

"ತಾಯಿ, ಒಂದು ಮಾತು ಕೇಳಬೇಕಾಗಿದೆ."

ಮೊರದ ಸದ್ದು ನಿಂತಿತು. ಮದುವೆಯಾಗಿ ಬಂದಂದಿನಿಂದ ಮಾವ ಅವಳೊಡನೆ ನೇರವಾಗಿ ಆಡಿದ ಮೊದಲ ಮಾತು ಅದು.

"ಆ ಕೂಸನ್ನು ಅಷ್ಟು ದಿನ ಏಕೆ ಬಿಟ್ಟೆ?"

ಬಾಗಿಲ ಆಚೆಯಿಂದ ಮೆಲ್ಲಗೆ ಮಾತು ಬಂತು.

"ನನಗೆ ಮೊದಲ ದಿನದಿಂದಲೇ ಹೆದರಿಕೆಯಿತ್ತು, ಮಾವ. ನಮ್ಮ ಅಕ್ಕ ಬಸಿರಿನಲ್ಲೇ ಮುಖ ಬಾತು ತೀರಿಕೊಂಡಳು. ಬೇಕಿದ್ದರೆ ಈಗಲೇ ಮುಗಿಸೋಣ, ನೋವು ಕಡಿಮೆ ಎಂದು ಸೂಲಗಿತ್ತಿ ಅಂದಳು. ನಾನೇ ಬೇಡವೆಂದೆ. ಅಕ್ಕನಿಗೆ ಬಂದದ್ದು ನನಗೆ ಬಾರದೇ ಇರಬಹುದು ಎಂದುಕೊಂಡೆ. ಎರಡು ಕಳೆಯಿತು. ಮೂರು ಕಳೆಯಿತು. ನಾಲ್ಕು ದಾಟಿದ ಮೇಲೆ ಒಂದು ದಿನ ಅದು ಒಳಗೆ ಮಿಸುಕಿತು. ನನಗೆ ನಗು ತಡೆಯಲಾಗಲಿಲ್ಲ. ಅಡುಗೆಮನೆಯಲ್ಲಿ ಅದೇನು ನಗು ಎಂದು ನೀವು ಜಗುಲಿಯಿಂದ ಗದರಿದಿರಿ. ಆ ದಿನ."

ಗೌಡನಿಗೆ ಆ ನಗು ನೆನಪಿತ್ತು.

"ಆಮೇಲೆ ಮುಖ ಬಾತಿತು. ಕಣ್ಣು ಮಂಜಾಯಿತು. ದೀಪ ಎರಡೆರಡು ಕಾಣುತ್ತಿತ್ತು. ಇನ್ನೆರಡು ದಿನ ನೋಡೋಣ ಎಂದು ಸೂಲಗಿತ್ತಿಯ ಕೈ ಹಿಡಿದುಕೊಂಡೆ. ಅವಳು ಅತ್ತಳು, ಆಗುವುದಿಲ್ಲ ಎಂದಳು."

ಗೌಡ ಬಾಗಿಲ ಚೌಕಟ್ಟು ಹಿಡಿದುಕೊಂಡ. "ನನ್ನ ಈಗಿನ ಕಟ್ಟಳೆ ಆಗ ಇದ್ದಿದ್ದರೆ?"

"ಎರಡರಲ್ಲೇ ಹೋಗಿಬಿಡುತ್ತಿದ್ದೆ, ಮಾವ. ನಿಮ್ಮ ಕಣ್ಣಿಗೆ ಬೆರಳು ಕಾಣುತ್ತಿರಲಿಲ್ಲ. ಆದರೆ ಉಳಿದೀತು ಎಂದು ಅದಕ್ಕಾಗಿ ನಾನು ಕಾದ ದಿನಗಳೂ ಇರುತ್ತಿರಲಿಲ್ಲ. ಹೆದರಿಕೆಗೆ ದಿನ ಬೇಡ. ಆಸೆಗೆ ಬೇಕು."

ಗೌಡ ಅಲ್ಲೇ ಹೊಸ್ತಿಲ ಈಚೆ ಕೂತುಬಿಟ್ಟ. ಒಳಗೆ ಸೊಸೆಯೂ ಕೂತಳು. ಇಬ್ಬರ ನಡುವೆ ಬಾಗಿಲಿತ್ತು. ಒಬ್ಬರ ಅಳು ಒಬ್ಬರಿಗೆ ಕೇಳಿಸುತ್ತಿತ್ತು. ಗೌಡನ ಹೆಂಡತಿ ಹಿತ್ತಲಿನಿಂದ ಬಂದವಳು ಇಬ್ಬರನ್ನೂ ನೋಡಿ, ಏನೂ ಕೇಳದೆ, ಗಂಡನಿಗೊಂದು ಸೊಸೆಗೊಂದು ಲೋಟ ನೀರು ತಂದಿಟ್ಟಳು.

ಎರಡು ತಿಂಗಳಿಗೇ ತಲೆ ತಗ್ಗಿಸಿಕೊಂಡು ಹೋದ ಹೆಣ್ಣುಮಕ್ಕಳು ಗೌಡನಿಗೆ ಆಗ ಒಬ್ಬೊಬ್ಬರಾಗಿ ನೆನಪಾದರು. ಅವರಲ್ಲಿ ಯಾರು ಯಾರು ಕಾಯಬೇಕೆಂದಿದ್ದರೋ, ಅವನಿಗೆ ಇನ್ನು ತಿಳಿಯುವಂತಿರಲಿಲ್ಲ.

ಅವನು ಎದ್ದು ನೇಕಾರನ ಮನೆಗೆ ಬಂದ. ಹೆಂಗಸರು ಹಾಗೆಯೇ ಕೂತಿದ್ದರು. ಬಳೆಗಾರ ತನ್ನ ಬಳೆಗಳ ಮಲಾರದ ಪಕ್ಕದಲ್ಲಿ ತೂಕಡಿಸುತ್ತಿದ್ದ.

"ಬಳೆ ಕಟ್ಟಿಡಪ್ಪ. ಈ ಮನೆಗೆ ಐದಕ್ಕೆ ಬಾ. ಇನ್ನು ಮೇಲೆ ಎಲ್ಲ ಮನೆಗೂ ಐದಕ್ಕೇ ಬಾ" ಎಂದ ಗೌಡ.

ಬಳೆಗಾರ ಕಣ್ಣುಜ್ಜಿಕೊಂಡ. "ಕರೆದಾಗ ಬರುತ್ತೇನೆ ಸ್ವಾಮಿ. ಇಷ್ಟು ಹೊತ್ತು ಈ ತಾಯಿಯ ಮುಷ್ಟಿಯ ಜೊತೆ ಗುದ್ದಾಡಿ ನನ್ನ ಕೈಯೇ ಸೋತಿತು" ಎಂದ. ಮುದುಕಿ ಬಾಯಿಗೆ ಸೆರಗಿಟ್ಟುಕೊಂಡು ನಕ್ಕಳು. ನೇಕಾರನ ಹೆಂಡತಿಯ ಕೈ ತಾನಾಗಿ ಬಿಚ್ಚಿತು. ಉಗುರು ನಾಟಿ ಅಂಗೈ ಕೆಂಪಾಗಿತ್ತು. ಆ ಕೈಯಿಂದ ಅವಳು ಮಗಳನ್ನು ಎತ್ತಿ ಮಡಿಲಿಗೆ ಹಾಕಿಕೊಂಡಳು.

ಗೌಡ ಹೊರಡುವ ಮೊದಲು ಅವಳ ಮುಂದೆ ಕೂತ. "ತಂಗಿ, ಕಾಯು. ಕಾಯುವಷ್ಟು ದಿನವೂ ನಿನ್ನ ಮನೆಗೆ ಹಾಲು ನಮ್ಮ ಮನೆಯಿಂದ ಬರುತ್ತದೆ. ಮಗ್ಗದ ಕೆಲಸ ನಿನ್ನ ಗಂಡ ಮಾಡಲಿ, ನೀನು ಮುಟ್ಟಬೇಡ. ಉಳಿದರೆ ಊರೆಲ್ಲ ಸೇರಿ ಬಳೆ ತೊಡಿಸುತ್ತೇವೆ. ಉಳಿಯದಿದ್ದರೆ ಬದುವಿಗೆ ನಾನೇ ಹೊತ್ತುಕೊಂಡು ಹೋಗುತ್ತೇನೆ. ಏಕೆ ಇಷ್ಟು ದಿನ ಬಿಟ್ಟೆ ಎಂದು ನಿನ್ನನ್ನು ಯಾರೂ ಕೇಳುವುದಿಲ್ಲ."

ಹೀಗೆ ಹೇಳಿ ಗುರುಗಳು ಮಾತು ನಿಲ್ಲಿಸಿದರು.

ಕೊಟ್ರೇಶ ಮುಂದಕ್ಕೆ ಬಾಗಿ ಕೂತಿದ್ದ. ಅವನ ಕಣ್ಣು ತೇವವಾಗಿತ್ತು. ಅವನು ತಟ್ಟನೆ ಕೇಳಿದ:

"ಗುರುಗಳೇ, ಆ ಕೂಸು ಉಳಿಯಿತೇ?"

ಗುರುಗಳು ಅವನ ಭುಜದ ಮೇಲೆ ಕೈಯಿಟ್ಟು ಹೇಳಿದರು:

"ಅದನ್ನು ತಿಳಿಯುವುದಕ್ಕೇ ಅವಳು ದಿನ ಕೇಳಿದ್ದು, ಕೊಟ್ರೇಶ. ನಿನಗೆ ಒಂದು ಉಸಿರು ಎಳೆದು ಬಿಡುವಷ್ಟು ಹೊತ್ತೂ ಕಾಯಲಾಗಲಿಲ್ಲ."



ಓದಿದವರು ಇದನ್ನು ನಿಮ್ಮ ಮನೆಯ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಿಗೂ ಹೇಳಿರಿ. ಹೇಳುವಾಗ ಕೂಸು ಉಳಿಯಿತೆಂದೋ ಹೋಯಿತೆಂದೋ ನೀವಾಗಿ ಸೇರಿಸಬೇಡಿ. ಗುರುಗಳು ಎಲ್ಲಿ ನಿಲ್ಲಿಸಿದರೋ ಅಲ್ಲಿಯೇ ನಿಲ್ಲಿಸಿರಿ.