ಇಳಿತದ ಹೊತ್ತಿನ ಸಭೆ

"ಗುರುಗಳೇ, ಕಡಲು ಏರುತ್ತಿದೆ, ಮಳೆ ಕಾಲ ತಪ್ಪುತ್ತಿದೆ. ಇದು ನಮ್ಮ ಮಂಡಳಿಯಲ್ಲಿ ಎಲ್ಲರಿಗೂ ಗೊತ್ತು. ಯೋಜನೆ ಮಾಡಿದ್ದೇವೆ, ಒಬ್ಬರೂ ಬೇಡ ಅಂದಿಲ್ಲ. ಆದರೂ ಕೆಲಸ ಮಾತ್ರ ಯಾಕೆ ಮುಂದೆ ಹೋಗುವುದಿಲ್ಲ?"

ಕೇಳಿದವನು ಬೊಮ್ಮಯ್ಯ. ಹೊಳೆ ಕಡಲು ಸೇರುವ ಸೀಮೆಯ ಮಂಡಳಿಗೆ ಅವನು ಸದಸ್ಯ, ಗುರುಗಳಿಗೆ ಹಳೆಯ ಶಿಷ್ಯ. ಇದೇ ಪ್ರಶ್ನೆಯನ್ನು ಹಿಂದೆಯೂ ಕೇಳಿದ್ದ. ಗುರುಗಳು ಹಣೆ ಒತ್ತಿಕೊಂಡು ಕತೆ ಶುರುಮಾಡಿದರು.

ಹೀಗೇ ಒಂದು ಅಳಿವೆಯ ಸೀಮೆ. ಅಲ್ಲಿ ಹತ್ತು ಊರಿಗೆ ಸೇರಿ ಒಂದು ಸಭೆ. ಉಪ್ಪುನೀರು ನುಗ್ಗದ ಹಾಗೆ ಹೊಳೆಯಂಚಿಗೆ ಮಣ್ಣಿನ ಒಡ್ಡು ಹಾಕಿದ್ದರು. ಅದನ್ನು ಕಾಯುವುದು ಸಭೆಯ ಹೊಣೆ. ಒಡ್ಡಿನ ಹಿಂದೆ ಒಬ್ಬ ಹೆಂಗಸಿನ ಮನೆ, ಮನೆಯ ಮುಂದೆ ಬಾವಿ. ಇಡೀ ಕೇರಿಗೆ ಸಿಹಿನೀರು ಅಂತ ಇದ್ದದ್ದು ಅದೊಂದೇ. ಅದಕ್ಕೆ ಉಪ್ಪು ಇಳಿದರೆ ಕೇರಿಗೆ ಕೇರಿಯೇ ಜಾಗ ಬಿಡಬೇಕು.

ವರ್ಷದಿಂದ ವರ್ಷಕ್ಕೆ ಉಬ್ಬರದ ನೀರು ಒಡ್ಡಿನ ತಲೆಯ ಹತ್ತಿರ ಬರತೊಡಗಿತು. ಹೆಂಗಸು ಸಭೆಗೆ ಹೋಗಿ ಹೇಳಿದಳು. ಸಭೆಯವರು ಕೆಟ್ಟವರೇನಲ್ಲ, ಅದನ್ನೂ ಹೇಳಿಬಿಡಬೇಕು. ಬಂದು ನೋಡುತ್ತೇವೆ ಎಂದರು, ಬಂದೂ ಬಂದರು. ಆದರೆ ಆ ಕೇರಿಗೆ ದಾರಿ ಇದ್ದದ್ದು ಹೊಳೆಯ ಹರವಿನ ಮೇಲೆ. ನೀರು ಇಳಿದಾಗ ನಡೆದು ಬರಬಹುದು, ಏರಿದರೆ ದಾರಿ ಮುಳುಗುತ್ತದೆ. ದೋಣಿಯಲ್ಲಿ ಹೋಗಬಹುದಿತ್ತು, ಆದರೆ ಪಂಚೆ ಒದ್ದೆಯಾಗುತ್ತದಲ್ಲ! ಹಾಗಾಗಿ ಒಡ್ಡು ನೋಡುವುದು ಇಳಿತದ ಹೊತ್ತಿಗೇ ಎಂದು ಅಜ್ಜಂದಿರ ಕಾಲದಿಂದ ಪದ್ಧತಿಯಾಗಿತ್ತು.

ಬಂದವರು ಒಣಗಿದ ಒಡ್ಡಿನ ಮೇಲೆ ನಡೆದರು, ಕೋಲಿನಿಂದ ಕುಟ್ಟಿ ನೋಡಿದರು. ನೀರು ಎಲ್ಲೋ ಕೆಳಗೆ ತೆಪ್ಪಗೆ ಹರಿಯುತ್ತಿತ್ತು. ಒಡ್ಡು ಎತ್ತರಿಸಬೇಕು ಎಂದು ಒಮ್ಮತದಿಂದ ಒಪ್ಪಿದರು. ಅಂಥ ಅವಸರವೇನಿಲ್ಲ ಎಂದೂ ಒಮ್ಮತದಿಂದಲೇ ಒಪ್ಪಿದರು.

ಮರುವರ್ಷವೂ ಅದೇ, ಅದರ ಮರುವರ್ಷವೂ ಅದೇ. ಹಾಡಿದ್ದೇ ಹಾಡೋ ಕಿಸಬಾಯಿದಾಸ. ಬಂದಾಗಲೆಲ್ಲ ಅವರಿಗೆ ಪಾನಕ ಬೇರೆ ಆಗಬೇಕು. ಅದಕ್ಕೂ ಅವಳು ಅದೇ ಬಾವಿಯಿಂದ ಸೇದಬೇಕು. ಹೆಂಗಸಿಗೆ ರೋಸಿಹೋಯಿತು. ಒಂದು ಸಲ ಹೊರಟು ನಿಂತ ಹಿರಿಯನಿಗೆ ಅಡ್ಡ ಬಂದಳು.

"ಒಡೆಯರೇ, ಒಂದೇ ಒಂದು ಸಲ ಹುಣ್ಣಿಮೆಯ ಉಬ್ಬರದಲ್ಲಿ ಬಂದು ನೋಡಿ" ಎಂದಳು.

ಹಿರಿಯ ಅವಳನ್ನು ಮರುಕದಿಂದ ನೋಡಿದ. "ಉಬ್ಬರದಲ್ಲಿ ದಾರಿಯೇ ಮುಳುಗಿರುತ್ತದಲ್ಲ, ತಾಯಿ. ಹೇಗೆ ಬರುವುದು?"

ತಾನೇನು ಹೇಳಿದೆ ಎಂಬುದು ಅವನಿಗೂ ಹೊಳೆಯಲಿಲ್ಲ, ಜೊತೆಗಿದ್ದವರಿಗೂ ಹೊಳೆಯಲಿಲ್ಲ. ಹೆಂಗಸು ಹಣೆ ಚಚ್ಚಿಕೊಂಡು ಒಳಗೆ ಹೋದಳು. ಇವರಿಗೆ ಹೇಳುವ ಬದಲು ಬಂಡೆಗಲ್ಲಿಗೆ ಹೇಳಬಹುದಿತ್ತು ಅನ್ನಿಸಿತು ಅವಳಿಗೆ.

ಆ ಮಳೆಗಾಲದ ಹುಣ್ಣಿಮೆಗೆ ಒಡ್ಡು ಒಡೆಯಿತು. ಸುದ್ದಿ ಮುಟ್ಟಿದ ಕೂಡಲೇ ಸಭೆ ಸೇರಿತು. ಎಲ್ಲರಿಗೂ ನಿಜವಾಗಿಯೇ ದುಃಖವಾಗಿತ್ತು. ನೀರು ಇಳಿದ ಮೇಲೆ ಹೋಗಿ ನೋಡುವುದೆಂದು ತೀರ್ಮಾನಿಸಿದರು. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರಂತೆ! ಅವರು ಹೋಗುವಷ್ಟರಲ್ಲಿ ಕೇರಿಯವರು ಗಂಟುಮೂಟೆ ಕಟ್ಟಿ ಆಗಿತ್ತು. ಹೆಂಗಸು ಬಾವಿಯ ಹಗ್ಗ ಬಿಚ್ಚಿ, ಸುತ್ತಿ, ಹೆಗಲಿಗೆ ಹಾಕಿಕೊಂಡಳು. ಅವರಲ್ಲಿ ಯಾರ ಮುಖವನ್ನೂ ನೋಡದೆ ನಡೆದಳು.

ಕತೆ ಕೇಳಿ ಬೊಮ್ಮಯ್ಯನಿಗೆ ಸಿಟ್ಟು ಬಂತು. ಎಂಥ ಮಂಕು ಜನ, ಒಮ್ಮೆಯಾದರೂ ದೋಣಿ ಹತ್ತಿ ಹೋಗಬಾರದಿತ್ತೇ ಎಂದು ಬೈದ. ಆಮೇಲೆ ಆ ಸಭೆಯವರು ಏನಾದರು, ಅದನ್ನೂ ಹೇಳಿ ಎಂದು ಕಾಲು ಮಡಚಿ ಇನ್ನಷ್ಟು ಸರಿಯಾಗಿ ಕೂತ.

"ಈಗಲೂ ಉಬ್ಬರದ ಹೊತ್ತೇ, ಬೊಮ್ಮಯ್ಯ, ನೀನು ಇಲ್ಲಿ ಕತೆ ಕೇಳುತ್ತ ಕೂತಿದ್ದೀಯ" ಎಂದರು ಗುರುಗಳು.